ಪ್ರೀಮಿಯಂ ಪೆಟ್ರೋಲಿನ ಹಿಂದಿನ ಮನುಷ್ಯ ಥಾಮಸ್ ಮಿಡ್ಜ್ಲಿ

ಮಂಗಳೂರಿನಿಂದ ಮಡಿಕೇರಿಗೆ ಬರುವ ಹೆದ್ದಾರಿ ಸಂಪಾಜೆ ದಾಟಿದ ಮೇಲೆ ಏರತೊಡಗುತ್ತದೆ. ಕೊಯನಾಡು, ಜೋಡುಪಾಲ, ಮದೆನಾಡು ಕಳೆದು ನಗರ ಸೇರುವಷ್ಟರಲ್ಲಿ ವಾಹನವು ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರಕ್ಕೆ ಬಂದಿರುತ್ತದೆ. ತಿರುವುಗಳಿಂದ ತುಂಬಿದ ಈ ದಾರಿ ವೇಗದ ಕಾರುಗಳ ಪ್ರಿಯರಿಗೆ ಅಚ್ಚುಮೆಚ್ಚು. ಘಾಟಿ ಏರಿ ಬಂದ ಸ್ಪೋರ್ಟ್ಸ್ ಕಾರು ಪೆಟ್ರೋಲ್ ಬಂಕಿನ ಮುಂದೆ ನಿಂತಾಗ ಅದರ ಮಾಲೀಕನಿಗೆ ಎದುರಾಗುವ ಪ್ರಶ್ನೆ ಒಂದೇ. ಟ್ಯಾಂಕಿಗೆ ಸಾಮಾನ್ಯ ಪೆಟ್ರೋಲ್ ತುಂಬಿಸಬೇಕೆ, ಪ್ರೀಮಿಯಂ ತುಂಬಿಸಬೇಕೆ? ಬೆಲೆ ಹೆಚ್ಚಾದ ಪೆಟ್ರೋಲಿನಲ್ಲಿ ಶಕ್ತಿಯೂ ಹೆಚ್ಚಿರುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ.

ಒಂದೇ ಬಂಕಿನಲ್ಲಿ ಎರಡು ದರದ ಪೆಟ್ರೋಲ್ ಮಾರುವ ರೂಢಿಗೆ ಶತಮಾನದಷ್ಟು ಹಿಂದೆ ಕಾರಣರಾದವರಲ್ಲಿ ಪ್ರಮುಖರು ಅಮೆರಿಕದ ಥಾಮಸ್ ಮಿಡ್ಜ್ಲಿ. ಅವರ ಜೀವನಕಥೆಯಲ್ಲಿ ಕಾರು ಮಾಲೀಕನ ಪ್ರಶ್ನೆಗೆ ಉತ್ತರವಿದೆ. ಆ ಉತ್ತರಕ್ಕಾಗಿ ಜಗತ್ತು ತೆತ್ತ ಬೆಲೆಯ ಲೆಕ್ಕವೂ ಇದೆ.

ಸಂಶೋಧಕರ ಮನೆಯ ಹುಡುಗ

ಮಿಡ್ಜ್ಲಿ ಜನಿಸಿದ್ದು 1889ರ ಮೇ 18ರಂದು, ಪೆನ್ಸಿಲ್ವೇನಿಯಾ ರಾಜ್ಯದ ಬೀವರ್ ಫಾಲ್ಸ್ ಎಂಬ ಊರಿನಲ್ಲಿ. ತಂದೆಯ ಹೆಸರೂ ಥಾಮಸ್ ಮಿಡ್ಜ್ಲಿಯೇ. ಅವರು ವಾಹನಗಳ ಟೈರುಗಳಲ್ಲಿ ಸುಧಾರಣೆ ತಂದ ಸಂಶೋಧಕರು. ಬಾಲ್ಯ ಕಳೆದದ್ದು ಓಹಿಯೊ ರಾಜ್ಯದ ಕೊಲಂಬಸ್‌ನಲ್ಲಿ. 1911ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಿಂದ ಪಡೆದ ಪದವಿ ಮೆಕ್ಯಾನಿಕಲ್ ಎಂಜಿನಿಯರಿಂಗ್‌ನದ್ದು. ಮುಂದೆ ರಸಾಯನಶಾಸ್ತ್ರಜ್ಞರಾಗಿ ಲೋಕಪ್ರಸಿದ್ಧರಾದ ಅವರು ಆ ಶಾಸ್ತ್ರವನ್ನು ಬಹುಮಟ್ಟಿಗೆ ಸ್ವಂತ ಓದಿನಿಂದಲೇ ಕಲಿತರು.

1916ರಲ್ಲಿ ಡೇಟನ್ ನಗರದ ಡೆಲ್ಕೊ ಪ್ರಯೋಗಾಲಯ ಸೇರಿದಾಗ ಅವರಿಗೆ ಮೇಲಧಿಕಾರಿಯಾಗಿ ದೊರೆತವರು ಚಾರ್ಲ್ಸ್ ಕೆಟರಿಂಗ್. ಕೈಯಿಂದ ಹ್ಯಾಂಡಲ್ ತಿರುಗಿಸುವ ಕಷ್ಟ ತಪ್ಪಿಸಿದ ವಿದ್ಯುತ್ ಸ್ಟಾರ್ಟರ್ ರೂಪಿಸಿದವರು ಇವರೇ. 1912ರ ಕ್ಯಾಡಿಲಾಕ್ ಕಾರಿನಲ್ಲಿ ಅದು ಬಳಕೆಗೆ ಬಂತು. ಆದರೆ ಹೊಸ ಎಂಜಿನ್‌ಗಳು ಏರುದಾರಿಯಲ್ಲಿ ಲೋಹವನ್ನು ಸುತ್ತಿಗೆಯಿಂದ ಬಡಿದಂತೆ ಸದ್ದು ಮಾಡತೊಡಗಿದವು. ಮೆಕ್ಯಾನಿಕ್‌ಗಳ ಭಾಷೆಯಲ್ಲಿ ಇದೇ ನಾಕಿಂಗ್. ದೋಷವನ್ನು ಹಲವರು ಕೆಟರಿಂಗ್ ಅವರ ಬ್ಯಾಟರಿ ಇಗ್ನಿಷನ್ ವ್ಯವಸ್ಥೆಯ ಮೇಲೆ ಹೊರಿಸಿದರು. ನಿಜವಾದ ಕಾರಣ ಪತ್ತೆ ಮಾಡುವ ಕೆಲಸ ಮಿಡ್ಜ್ಲಿ ಅವರ ಪಾಲಿಗೆ ಬಂತು.

ಎಂಜಿನ್ ಏಕೆ ಕುಟ್ಟುತ್ತದೆ?

ಪಿಸ್ಟನ್ ಮೇಲೇರಿ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣವನ್ನು ಅದುಮಿದಾಗ ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸುತ್ತದೆ. ಜ್ವಾಲೆ ಒಂದು ಬದಿಯಿಂದ ಇನ್ನೊಂದು ಬದಿಗೆ ಕ್ರಮವಾಗಿ ಹರಡಬೇಕು. ಒತ್ತಡ ಹಾಗೂ ಶಾಖ ಮಿತಿಮೀರಿದರೆ ದೂರದ ಮೂಲೆಯಲ್ಲಿ ಉಳಿದ ಮಿಶ್ರಣವು ಜ್ವಾಲೆ ತಲುಪುವ ಮೊದಲೇ ತಾನಾಗಿ ಸಿಡಿಯುತ್ತದೆ. ಕೇಳಿಸುವ ಕುಟ್ಟು ಸದ್ದು ಅದರದ್ದೇ. ಇದು ಮುಂದುವರಿದರೆ ಪಿಸ್ಟನ್ ಹಾಳಾಗುತ್ತದೆ. ಸಿಲಿಂಡರಿನೊಳಗಿನ ಒತ್ತಡವನ್ನು ಅಳೆದು ನೋಡಿದ ಮಿಡ್ಜ್ಲಿ, ಒತ್ತಡವು ಹಠಾತ್ತನೆ ಜಿಗಿಯುವುದು ಕಿಡಿ ಹಾರಿದ ನಂತರ ಎಂಬುದನ್ನು ಕಂಡುಕೊಂಡರು. ದೋಷ ಇಗ್ನಿಷನ್‌ನಲ್ಲಿರದೆ ಇಂಧನದ ಗುಣದಲ್ಲಿತ್ತು.

ಈ ಶೋಧದ ಮಹತ್ವ ದೊಡ್ಡದು. ಮಿಶ್ರಣವನ್ನು ಹೆಚ್ಚು ಅದುಮಿದಷ್ಟೂ ಅಷ್ಟೇ ಪೆಟ್ರೋಲಿನಿಂದ ಹೆಚ್ಚು ಕೆಲಸ ಪಡೆಯಬಹುದು. ಆ ಕಾಲದ ಕಾರುಗಳು ಮಿಶ್ರಣವನ್ನು ಸುಮಾರು ನಾಲ್ಕು ಪಟ್ಟು ಮಾತ್ರ ಅದುಮುತ್ತಿದ್ದವು. ಇಂದಿನ ಎಂಜಿನ್‌ಗಳು ಹತ್ತು ಪಟ್ಟಿಗೂ ಮೀರಿ ಅದುಮುತ್ತವೆ. ನಾಕಿಂಗ್ ತಡೆಯಬಲ್ಲ ಇಂಧನ ದೊರೆಯದಿದ್ದರೆ ಬಲಿಷ್ಠ ಎಂಜಿನ್ ನಿರ್ಮಿಸುವ ದಾರಿಯೇ ಮುಚ್ಚಿಹೋಗುತ್ತಿತ್ತು.

ಹಿಮ ಕರಗುವ ಮೊದಲೇ ಅರಳುವ ಒಂದು ಕಾಡುಗಿಡದ ಎಲೆ ಕೆಂಪಗಿರುವುದರಿಂದ ಶಾಖ ಹೀರಿಕೊಳ್ಳುತ್ತದೆ, ಇಂಧನಕ್ಕೂ ಕೆಂಪು ಬಣ್ಣ ಬೆರೆಸಿದರೆ ಹೇಗೆ ಎಂಬ ಊಹೆಯಿಂದ ಪ್ರಯೋಗ ಆರಂಭವಾಯಿತೆಂದು ಹೇಳಲಾಗುತ್ತದೆ. ಕೈಗೆ ಸಿಕ್ಕಿದ ಅಯೋಡಿನ್ ಬೆರೆಸಿದಾಗ ಸದ್ದು ನಿಂತಿತು. ಬೇರೆ ಕೆಂಪು ಬಣ್ಣಗಳು ಫಲ ಕೊಡಲಿಲ್ಲ. ಊಹೆ ತಪ್ಪಾಗಿದ್ದರೂ ಇಂಧನಕ್ಕೆ ಅಲ್ಪ ಪ್ರಮಾಣದ ಬೇರೆ ವಸ್ತು ಬೆರೆಸಿ ನಾಕಿಂಗ್ ನಿಲ್ಲಿಸಬಹುದೆಂಬುದು ಖಚಿತವಾಯಿತು. ಅಯೋಡಿನ್ ದುಬಾರಿಯಾಗಿತ್ತು, ಲೋಹವನ್ನೂ ತಿನ್ನುತ್ತಿತ್ತು. ಮುಂದಿನ ಐದು ವರ್ಷ ಮಿಡ್ಜ್ಲಿ ಒಂದರ ನಂತರ ಒಂದು ವಸ್ತುವನ್ನು ಪರೀಕ್ಷಿಸುತ್ತಾ ಹೋದರು.

ಎರಡು ದಾರಿಗಳು

ಈ ಹುಡುಕಾಟದಲ್ಲಿ ಅವರ ಮುಂದೆ ಎರಡು ದಾರಿಗಳು ತೆರೆದುಕೊಂಡವು. ಒಂದು ಆಲ್ಕೋಹಾಲ್, ಅಂದರೆ ಎಥನಾಲ್. ಅದು ನಾಕಿಂಗ್ ತಡೆಯುತ್ತದೆ ಎಂಬುದು ಅವರಿಗೆ ಚೆನ್ನಾಗಿ ತಿಳಿದಿತ್ತು. 1920ರಲ್ಲಿ ಆಲ್ಕೋಹಾಲ್ ಮಿಶ್ರಿತ ಇಂಧನಕ್ಕೆ ಪೇಟೆಂಟ್ ಅರ್ಜಿ ಸಲ್ಲಿಸಿದವರು ಅವರೇ. 1921ರಲ್ಲಿ ಶೇ 30ರಷ್ಟು ಆಲ್ಕೋಹಾಲ್ ಬೆರೆಸಿದ ಇಂಧನದಲ್ಲಿ ಕಾರು ಓಡಿಸಿಯೂ ತೋರಿಸಿದರು.

ಅದೇ 1921ರ ಡಿಸೆಂಬರ್ 9ರಂದು ಎರಡನೆಯ ದಾರಿ ಗೋಚರಿಸಿತು. ಸೀಸದ ಸಂಯುಕ್ತವಾದ ಟೆಟ್ರಾಈಥೈಲ್ ಲೆಡ್ ಅನ್ನು ಕೆಲವೇ ಹನಿ ಬೆರೆಸಿದಾಗ ಎಂಜಿನ್ ಸಂಪೂರ್ಣ ಶಾಂತವಾಯಿತು. ಸುಮಾರು 3.8 ಲೀಟರಿನ ಒಂದು ಅಮೆರಿಕನ್ ಗ್ಯಾಲನ್‌ಗೆ ಮೂರು ಘನ ಸೆಂಟಿಮೀಟರ್ ಸಾಕಾಗುತ್ತಿತ್ತು. ಎಥನಾಲನ್ನಾದರೆ ಲೀಟರುಗಟ್ಟಲೆ ಬೆರೆಸಬೇಕು. ಅದನ್ನು ಯಾವ ರೈತನೂ ಬಟ್ಟಿ ಇಳಿಸಿ ತೆಗೆಯಬಲ್ಲ, ಹೀಗಾಗಿ ಅದರ ಮೇಲೆ ಯಾವ ಕಂಪನಿಗೂ ಏಕಸ್ವಾಮ್ಯ ಸಿಗುವುದು ಕಷ್ಟ. ಸೀಸದ ಸಂಯುಕ್ತ ಅಗ್ಗವಾಗಿತ್ತು, ಅದರ ಬಳಕೆಯ ಪೇಟೆಂಟ್ ಜನರಲ್ ಮೋಟರ್ಸ್ ಕೈಯಲ್ಲಿತ್ತು. ಸೀಸ ವಿಷವೆಂಬುದು ಮಾತ್ರ ಪ್ರಾಚೀನ ಕಾಲದಿಂದಲೂ ವೈದ್ಯರಿಗೆ ತಿಳಿದ ಸಂಗತಿ.

1923ರ ಫೆಬ್ರವರಿ 2ರಂದು ಡೇಟನ್ ನಗರದ ಬಂಕೊಂದರಲ್ಲಿ ಹೊಸ ಪೆಟ್ರೋಲ್ ಮೊದಲ ಬಾರಿಗೆ ಮಾರಾಟಕ್ಕೆ ಬಂತು. ಬೆಲೆ ಸಾಮಾನ್ಯ ಪೆಟ್ರೋಲಿಗಿಂತ ಕೆಲವು ಸೆಂಟ್ ಹೆಚ್ಚು. ಹೆಸರು ಎಥಿಲ್. ಸೀಸ ಎಂಬ ಪದ ಹೆಸರಿನಲ್ಲಿ ಎಲ್ಲಿಯೂ ಇರಲಿಲ್ಲ. ಅದೇ ವರ್ಷದ ಮೇ ತಿಂಗಳಿನಲ್ಲಿ ಇಂಡಿಯಾನಾಪೊಲಿಸ್ 500 ಮೈಲಿ ಸ್ಪರ್ಧೆಯ ಮೊದಲ ಮೂರು ಸ್ಥಾನ ಪಡೆದ ಕಾರುಗಳು ಈ ಪೆಟ್ರೋಲನ್ನೇ ಬಳಸಿದ್ದವು. ರೇಸ್ ಕಾರಿನ ಪೆಟ್ರೋಲ್ ತನ್ನ ಕಾರಿಗೂ ಬೇಕೆಂಬ ಆಸೆ ಸಾಮಾನ್ಯ ಗ್ರಾಹಕನಲ್ಲಿ ಮೂಡಲು ಇನ್ನೇನು ಬೇಕು!

ಕೈತೊಳೆದ ಪ್ರದರ್ಶನ

ಎಥಿಲ್ ಮಾರುಕಟ್ಟೆಗೆ ಬಂದ ಆ ದಿನಗಳಲ್ಲಿಯೇ ಮಿಡ್ಜ್ಲಿ ಸ್ವತಃ ಸೀಸದ ವಿಷದಿಂದ ಬಳಲಿ, ಚೇತರಿಕೆಗಾಗಿ ಫ್ಲಾರಿಡಾಕ್ಕೆ ತೆರಳಬೇಕಾಯಿತು. 1924ರಲ್ಲಿ ಜನರಲ್ ಮೋಟರ್ಸ್ ಮತ್ತು ನ್ಯೂಜೆರ್ಸಿಯ ಸ್ಟ್ಯಾಂಡರ್ಡ್ ಆಯಿಲ್ ಸೇರಿ ಎಥಿಲ್ ಕಾರ್ಪೊರೇಷನ್ ಸ್ಥಾಪಿಸಿದವು. ಆ ಅಕ್ಟೋಬರ್‌ನಲ್ಲಿ ನ್ಯೂಜೆರ್ಸಿಯ ಬೇವೇ ಘಟಕದಲ್ಲಿ ದುರಂತ ಸಂಭವಿಸಿತು. ಕಾರ್ಮಿಕರು ಭ್ರಮೆಗೆ ಒಳಗಾಗಿ ಉನ್ಮತ್ತರಂತೆ ವರ್ತಿಸತೊಡಗಿದರು. ಐವರು ಸತ್ತರು, 30ಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು.

ಅಕ್ಟೋಬರ್ 30ರಂದು ಪತ್ರಕರ್ತರ ಮುಂದೆ ನಿಂತ ಮಿಡ್ಜ್ಲಿ ಆ ದ್ರವವನ್ನು ತಮ್ಮ ಕೈಗಳ ಮೇಲೆ ಸುರಿದುಕೊಂಡರು, ಒಂದು ನಿಮಿಷದಷ್ಟು ಹೊತ್ತು ಅದರ ಆವಿಯನ್ನೂ ಮೂಸಿದರು. ಇದರಿಂದ ಅಪಾಯವಿಲ್ಲವೆಂದು ತೋರಿಸುವುದು ಉದ್ದೇಶ. ತಾವೇ ಅದರಿಂದ ಅಸ್ವಸ್ಥರಾಗಿದ್ದವರು ಈ ಪ್ರದರ್ಶನಕ್ಕೆ ಮುಂದಾದದ್ದು ಅವರ ಬದುಕಿನ ಅತ್ಯಂತ ನೋವಿನ ಅಧ್ಯಾಯ.

ಹಾರ್ವರ್ಡ್‌ನ ವೈದ್ಯೆ ಆಲಿಸ್ ಹ್ಯಾಮಿಲ್ಟನ್, ಯೇಲ್‌ನ ಯಾಂಡೆಲ್ ಹೆಂಡರ್ಸನ್ ಮೊದಲಾದವರು ತೀವ್ರ ವಿರೋಧ ವ್ಯಕ್ತಪಡಿಸಿದರು. ಕಾರ್ಖಾನೆಯ ಅಪಘಾತಕ್ಕಿಂತಲೂ ಬೀದಿ ಬೀದಿಯಲ್ಲಿ ನಿಧಾನವಾಗಿ ಹರಡುವ ಸೀಸವೇ ದೊಡ್ಡ ಗಂಡಾಂತರ ಎಂಬುದು ಅವರ ವಾದ. 1925ರಲ್ಲಿ ಮಾರಾಟ ತಾತ್ಕಾಲಿಕವಾಗಿ ನಿಂತಿತು. 1926ರ ಆರಂಭದಲ್ಲಿ ಸರಕಾರಿ ಸಮಿತಿಯು ನಿಷೇಧಕ್ಕೆ ಸಾಕಷ್ಟು ಆಧಾರವಿಲ್ಲವೆಂದಿತು, ದೀರ್ಘಕಾಲದ ಅಧ್ಯಯನ ಬೇಕೆಂದೂ ಸೂಚಿಸಿತು. ಮುಂದಿನ ದಶಕಗಳಲ್ಲಿ ಆ ಅಧ್ಯಯನ ಬಹುಪಾಲು ಉದ್ಯಮದ ಹಣದಿಂದಲೇ ನಡೆಯಿತು. ಸೀಸದ ಪೆಟ್ರೋಲ್ ಜಗತ್ತನ್ನು ಆವರಿಸಿತು.

ಆಕ್ಟೇನ್ ಸಂಖ್ಯೆ ಹುಟ್ಟಿದ್ದೂ ಆ ಕಾಲದಲ್ಲಿಯೇ. ನಾಕಿಂಗ್ ತಡೆಯುವ ಗುಣವನ್ನು ಅಳೆಯಲು ಎಥಿಲ್ ಸಂಸ್ಥೆಯ ಗ್ರಹಾಂ ಎಡ್ಗರ್ ಅಳತೆಗೋಲೊಂದನ್ನು ರೂಪಿಸಿದರು. ಸುಲಭವಾಗಿ ಸಿಡಿಯುವ ಹೆಪ್ಟೇನ್‌ಗೆ ಸೊನ್ನೆ, ಸಿಡಿಯದೆ ತಾಳಿಕೊಳ್ಳುವ ಐಸೊಆಕ್ಟೇನ್‌ಗೆ ನೂರು. ಈ ಸಂಖ್ಯೆ ಇಂಧನದ ತಾಳಿಕೆಯನ್ನು ಹೇಳುತ್ತದೆಯೇ ಹೊರತು ಅದರಲ್ಲಿ ಅಡಗಿರುವ ಶಕ್ತಿಯನ್ನಲ್ಲ.

ಗೌರವ, ಕಾಯಿಲೆ, ಸಾವು

ಮಿಡ್ಜ್ಲಿ ಅಲ್ಲಿಗೆ ನಿಲ್ಲಲಿಲ್ಲ. ಫ್ರಿಜ್‌ಗಳಲ್ಲಿ ಬಳಸುತ್ತಿದ್ದ ವಿಷಾನಿಲಗಳಿಗೆ ಬದಲಾಗಿ ಫ್ರಿಯಾನ್ ಎಂದು ಹೆಸರಾದ ಅನಿಲವನ್ನು ಅವರ ತಂಡ ಸಿದ್ಧಪಡಿಸಿತು. 1930ರಲ್ಲಿ ಅವರು ಅದನ್ನು ಉಸಿರಿನಲ್ಲಿ ಎಳೆದುಕೊಂಡು ಮೇಣದ ಬತ್ತಿಯನ್ನು ಊದಿ ಆರಿಸಿ, ಅದು ವಿಷವೂ ಅಲ್ಲ, ಬೆಂಕಿ ಹತ್ತುವುದೂ ಇಲ್ಲ ಎಂದು ತೋರಿಸಿದರು. ಆ ಪ್ರದರ್ಶನ ಸತ್ಯವೇ ಆಗಿತ್ತು. ಅದೇ ವರ್ಗದ ಅನಿಲಗಳು ಓಜೋನ್ ಪದರವನ್ನು ಕರಗಿಸುತ್ತವೆ ಎಂಬ ಎಚ್ಚರಿಕೆಯನ್ನು ವಿಜ್ಞಾನಿಗಳು ನೀಡಿದ್ದು 1974ರಲ್ಲಿ.

ನೂರಕ್ಕೂ ಹೆಚ್ಚು ಪೇಟೆಂಟ್‌ಗಳು ಅವರ ಹೆಸರಿನಲ್ಲಿದ್ದವು. 1937ರಲ್ಲಿ ಪರ್ಕಿನ್ ಪದಕ, 1941ರಲ್ಲಿ ಪ್ರೀಸ್ಟ್ಲಿ ಪದಕ ಸಂದವು. 1944ರಲ್ಲಿ ಅವರು ಅಮೆರಿಕನ್ ಕೆಮಿಕಲ್ ಸೊಸೈಟಿಯ ಅಧ್ಯಕ್ಷರಾಗಿದ್ದರು. ಆದರೆ 1940ರಲ್ಲಿ, 51ನೇ ವಯಸ್ಸಿನಲ್ಲಿ, ತಗುಲಿದ ಪೋಲಿಯೊ ಅವರ ಕಾಲುಗಳ ಬಲವನ್ನು ಕಸಿದಿತ್ತು. ಹಾಸಿಗೆಯಿಂದ ಮೇಲೇಳಲು ಹಗ್ಗ ಮತ್ತು ರಾಟೆಗಳ ಸಾಧನವನ್ನು ತಾವೇ ರೂಪಿಸಿಕೊಂಡಿದ್ದರು. 1944ರ ನವೆಂಬರ್ 2ರಂದು ಅದೇ ಹಗ್ಗಗಳು ಕೊರಳಿಗೆ ಬಿಗಿದು ಅವರು ಕೊನೆಯುಸಿರೆಳೆದರು. ಅಧಿಕೃತ ತನಿಖೆ ಅದನ್ನು ಆತ್ಮಹತ್ಯೆ ಎಂದು ದಾಖಲಿಸಿತು. ವಯಸ್ಸು 55.

ಬೆಂಗಳೂರಿನ ಮಕ್ಕಳ ರಕ್ತದಲ್ಲಿ

ಭೂಮಿಯ ವಯಸ್ಸನ್ನು ಲೆಕ್ಕ ಹಾಕಿದ ವಿಜ್ಞಾನಿ ಕ್ಲೇರ್ ಪ್ಯಾಟರ್ಸನ್, ವಾತಾವರಣದಲ್ಲಿ ಸೀಸ ಅಸಹಜವಾಗಿ ಏರಿರುವುದನ್ನು 1965ರಲ್ಲಿ ಎತ್ತಿ ತೋರಿಸಿದರು. ಮಕ್ಕಳ ಮಿದುಳಿನ ಬೆಳವಣಿಗೆಗೆ ಸೀಸ ಅಡ್ಡಿಪಡಿಸುತ್ತದೆ ಎಂಬುದು ಕ್ರಮೇಣ ದೃಢಪಟ್ಟಿತು. 1999ರಲ್ಲಿ ಬೆಂಗಳೂರಿನ ಜಾರ್ಜ್ ಫೌಂಡೇಶನ್ ಬೆಂಗಳೂರೂ ಸೇರಿದಂತೆ ದೇಶದ ಕೆಲವು ನಗರಗಳಲ್ಲಿ ನಡೆಸಿದ ರಕ್ತಪರೀಕ್ಷೆಯಲ್ಲಿ, ಅರ್ಧಕ್ಕೂ ಹೆಚ್ಚು ಮಕ್ಕಳಲ್ಲಿ ಸೀಸದ ಪ್ರಮಾಣ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ಎಂಬ ಅಂದಿನ ಎಚ್ಚರಿಕೆಯ ಮಟ್ಟವನ್ನು ಮೀರಿತ್ತು. ಡೇಟನ್‌ನ ಪ್ರಯೋಗಾಲಯದಲ್ಲಿ ಕೈಗೊಂಡ ಆಯ್ಕೆಯ ಪರಿಣಾಮ ಮುಕ್ಕಾಲು ಶತಮಾನದ ನಂತರ ಇಲ್ಲಿನ ಮಕ್ಕಳ ರಕ್ತವನ್ನೂ ತಲುಪಿತ್ತು.

ಭಾರತದಾದ್ಯಂತ ಸೀಸರಹಿತ ಪೆಟ್ರೋಲ್ ಜಾರಿಗೆ ಬಂದದ್ದು 2000ದಲ್ಲಿ. ಕಾರುಗಳಿಗೆ ಸೀಸದ ಪೆಟ್ರೋಲ್ ಮಾರುತ್ತಿದ್ದ ಕೊನೆಯ ದೇಶ ಅಲ್ಜೀರಿಯಾ 2021ರಲ್ಲಿ ಅದನ್ನು ನಿಲ್ಲಿಸಿತು. ಮಿಡ್ಜ್ಲಿ ಕೈಬಿಟ್ಟ ಎಥನಾಲ್ ಈಗ ಮರಳಿ ಬಂದಿದೆ. 2025ರ ಹೊತ್ತಿಗೆ ದೇಶದಾದ್ಯಂತ ಶೇ 20 ಎಥನಾಲ್ ಬೆರೆತ ಪೆಟ್ರೋಲ್ ರೂಢಿಗೆ ಬಂತು. ಎಥನಾಲ್‌ನ ಆಕ್ಟೇನ್ ಸಂಖ್ಯೆ ನೂರಕ್ಕೂ ಮಿಗಿಲು. ಆದರೆ ಒಂದು ಲೀಟರಿನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದರಷ್ಟು ಕಡಿಮೆ. ಆಕ್ಟೇನ್ ಬೇರೆ, ಶಕ್ತಿ ಬೇರೆ ಎಂಬುದಕ್ಕೆ ಇದಕ್ಕಿಂತ ಸರಳ ನಿದರ್ಶನ ಬೇಕಿಲ್ಲ.

ಘಾಟಿ ಏರುವ ಕಾರಿಗೆ ಯಾವುದು?

ಮಡಿಕೇರಿಯ ಬಂಕಿನಲ್ಲಿ ನಿಂತ ಕಾರಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ತಯಾರಕರು 91 ಆಕ್ಟೇನ್ ಸಾಕೆಂದ ಕಾರಿಗೆ 100 ಆಕ್ಟೇನ್ ಪೆಟ್ರೋಲ್ ತುಂಬಿಸಿದರೆ ಹೇಳಿಕೊಳ್ಳುವಂತಹ ಲಾಭ ದೊರೆಯದು. 95 ಅಥವಾ 97 ಬೇಕೆಂದು ಸೂಚಿಸಿದ ಸ್ಪೋರ್ಟ್ಸ್ ಕಾರಿಗೆ ಅದಕ್ಕಿಂತ ಕಡಿಮೆಯದನ್ನು ಹಾಕಿದರೆ, ನಾಕಿಂಗ್ ಗ್ರಹಿಸುವ ಸೆನ್ಸರ್ ಕಿಡಿ ಹಾರುವ ಸಮಯವನ್ನು ಹಿಂದೂಡಿ ಎಂಜಿನನ್ನು ಕಾಪಾಡುತ್ತದೆ. ಅದರ ಬೆಲೆಯಾಗಿ ಪಿಕಪ್ ಹಾಗೂ ಮೈಲೇಜ್ ಇಳಿಯುತ್ತವೆ. ಸೆನ್ಸರ್ ಇಲ್ಲದ ಹಳೆಯ ಕಾರು ಘಾಟಿಯಲ್ಲಿ ಕುಟ್ಟಲಾರಂಭಿಸುತ್ತದೆ. ಮಡಿಕೇರಿಯ ಎತ್ತರದಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಎಂಟನೇ ಒಂದರಷ್ಟು ಕಡಿಮೆಯಿರುವುದರಿಂದ ಟರ್ಬೊ ಇಲ್ಲದ ಎಂಜಿನ್‌ಗಳಿಗೆ ಇಲ್ಲಿ ನಾಕಿಂಗ್ ಕಾಟ ತುಸು ಕಡಿಮೆ. ಟರ್ಬೊ ಇರುವ ಕಾರು ಆ ಕೊರತೆಯನ್ನು ತಾನೇ ತುಂಬಿಕೊಳ್ಳುವುದರಿಂದ ಅದಕ್ಕೆ ಈ ರಿಯಾಯಿತಿ ಇಲ್ಲ. ಪ್ರೀಮಿಯಂ ಹೆಸರಿನಲ್ಲಿ ಬರುವುದೆಲ್ಲವೂ ಒಂದೇ ಅಲ್ಲ ಎಂಬುದನ್ನೂ ಗಮನಿಸಬೇಕು. ಕೆಲವದರಲ್ಲಿ ಹೆಚ್ಚಿರುವುದು ಆಕ್ಟೇನ್, ಇನ್ನು ಕೆಲವದರಲ್ಲಿ ಎಂಜಿನ್ ಒಳಭಾಗವನ್ನು ಸ್ವಚ್ಛವಾಗಿಡುವ ಸೇರ್ಪಡೆ.

ಆದ್ದರಿಂದ ಪಂಪಿನ ಮೇಲಿನ ಹೆಸರಿಗಿಂತ ಅಲ್ಲಿ ಬರೆದ ಸಂಖ್ಯೆಯನ್ನು, ಇಂಧನ ಟ್ಯಾಂಕಿನ ಮುಚ್ಚಳದ ಒಳಬದಿಯ ಇಲ್ಲವೇ ಕೈಪಿಡಿಯ ಸೂಚನೆಯನ್ನು ಓದುವುದೇ ಸರಿಯಾದ ಕ್ರಮ. ಎಥಿಲ್ ಎಂಬ ಹೆಸರನ್ನು ನಂಬಿದ ಗ್ರಾಹಕರು ಅದರೊಳಗೆ ಏನಿದೆ ಎಂದು ಕೇಳಲಿಲ್ಲ. ಕೇಳಿದ ಕೆಲವು ವೈದ್ಯರ ಮಾತು ನಿಜವೆಂದು ಜಗತ್ತು ಒಪ್ಪಿಕೊಳ್ಳುವ ಹೊತ್ತಿಗೆ ಅರ್ಧ ಶತಮಾನ ಕಳೆದುಹೋಗಿತ್ತು.