ಬಿಲ್ಲಿ ಹಾಲಿಡೇ: ಸಾವಿನ ಹಾಸಿಗೆಯಲ್ಲೂ ಬಂಧನ

ಹೆರಾಯಿನ್ ಬಿಡಲು ಗೆಳೆಯನೊಬ್ಬ ಒದ್ದಾಡುತ್ತಿದ್ದ ರಾತ್ರಿಗಳಲ್ಲಿ ನಾನು ಅವನ ಪಕ್ಕ ಕೂತಿದ್ದೆ. ಬೆವರು, ವಾಂತಿ, ಮೂಳೆಯೊಳಗಿನ ನೋವು, ನಿದ್ದೆಯಂತೂ ಇಲ್ಲವೇ ಇಲ್ಲ. ಪೊಲೀಸರಿಗೆ ಹಿಡಿದುಕೊಟ್ಟರೆ ಬುದ್ಧಿ ಬರುತ್ತೆ ಅಂತ ಅವನ ಮನೆಯವರು ಅಂದಾಗ ನನಗೆ ನೆನಪಾಗಿದ್ದು ಬಿಲ್ಲಿ ಹಾಲಿಡೇ.

1915ರಲ್ಲಿ ಹುಟ್ಟಿದ ಈ ಕಪ್ಪು ಗಾಯಕಿ ಬಾಲ್ಟಿಮೋರ್‌ನ ಬಡತನದಲ್ಲಿ ಬೆಳೆದು, ಹದಿಹರೆಯದಲ್ಲೇ ಹಾರ್ಲೆಮ್‌ನ ಕ್ಲಬ್ಬುಗಳಲ್ಲಿ ಹಾಡತೊಡಗಿದರು. 1939ರಲ್ಲಿ ಅವರು ಹಾಡಿದ 'ಸ್ಟ್ರೇಂಜ್ ಫ್ರೂಟ್', ಬಿಳಿಯರ ಗುಂಪು ಕೊಂದು ಮರಕ್ಕೆ ನೇತುಹಾಕಿದ ಕಪ್ಪು ಜನರ ಕುರಿತದ್ದು. ಕೊಲಂಬಿಯಾ ಕಂಪನಿ ಅದನ್ನು ರೆಕಾರ್ಡ್ ಮಾಡಲು ಒಪ್ಪಲಿಲ್ಲ. ಕೊಮೊಡೋರ್ ಎಂಬ ಪುಟ್ಟ ಕಂಪನಿ ಹೊರತಂದಿತು.

1940ರ ದಶಕದಲ್ಲಿ ಹೆರಾಯಿನ್ ಅಂಟಿಕೊಂಡಿತು. 1947ರಲ್ಲಿ ಬಂಧನ. ಕೋರ್ಟಿನಲ್ಲಿ ಅವರು ಕೇಳಿದ್ದು ಆಸ್ಪತ್ರೆ, ಸಿಕ್ಕಿದ್ದು ಒಂದು ವರ್ಷ ಒಂದು ದಿನದ ಸಜೆ. 1948ರ ಮಾರ್ಚ್‌ನಲ್ಲಿ ಹೊರಬಂದಾಗ ಕಾರ್ನೆಗಿ ಹಾಲ್ ತುಂಬಿ ತುಳುಕಿತು, ನಿಜ. ಆದರೆ ನ್ಯೂಯಾರ್ಕಿನಲ್ಲಿ ಮದ್ಯ ಮಾರುವ ಕ್ಲಬ್ಬುಗಳಲ್ಲಿ ಹಾಡಲು ಬೇಕಿದ್ದ ಪರವಾನಗಿ ಕಾರ್ಡು ಕೈತಪ್ಪಿತ್ತು. ದುಡಿಮೆಯ ದಾರಿಯನ್ನೇ ಕಿತ್ತುಕೊಂಡು, ಸುಧಾರಿಸು ಅಂದರೆ ಹೇಗೆ?

ಚಟ ಅಂದ್ರೆ ಬರೀ ಮನಸ್ಸಿನ ದೌರ್ಬಲ್ಯ ಅಲ್ಲ. ದಿನವೂ ಹೆರಾಯಿನ್ ಬಿದ್ದರೆ ಮೆದುಳು ಅದಕ್ಕೇ ಹೊಂದಿಕೊಳ್ಳುತ್ತೆ. ನಿಲ್ಲಿಸಿದ ಅರ್ಧ ದಿನದೊಳಗೆ ಯಾತನೆ ಶುರು, ಎರಡು ಮೂರನೇ ದಿನ ಅತಿ ತೀವ್ರ. ವಾರದಲ್ಲಿ ದೇಹ ಸುಮಾರಾಗಿ ಸುಧಾರಿಸಿದರೂ ಆಸೆ ತಿಂಗಳುಗಟ್ಟಲೆ ಕಾಡುತ್ತೆ. ಅಷ್ಟರಲ್ಲಿ ತಾಳಿಕೊಳ್ಳುವ ಶಕ್ತಿ ಇಳಿದಿರುತ್ತೆ, ಹಳೆಯ ಪ್ರಮಾಣವೇ ಜೀವ ತೆಗೆಯಬಹುದು. ಜೈಲಿನಿಂದ ಹೊರಬಂದ ಮೊದಲ ವಾರಗಳು ಅದಕ್ಕೇ ಅಪಾಯದವು.

ಬಿಲ್ಲಿ ಮತ್ತೆ ಜಾರಿದರು. ಕುಡಿತವೂ ಸೇರಿ ಲಿವರ್ ಹಾಳಾಯಿತು. 1959ರಲ್ಲಿ ಆಸ್ಪತ್ರೆ ಸೇರಿದಾಗ ಮಾದಕವಸ್ತು ಇಟ್ಟುಕೊಂಡ ಆರೋಪದ ಮೇಲೆ ಹಾಸಿಗೆಯಲ್ಲೇ ಬಂಧಿಸಿ, ಬಾಗಿಲಿಗೆ ಪೊಲೀಸರನ್ನು ನಿಲ್ಲಿಸಿದರು. ಜುಲೈ 17ರಂದು ತೀರಿಕೊಂಡರು. ವಯಸ್ಸು 44 ಅಷ್ಟೇ.

ನಮ್ಮ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲೂ ಸೇವನೆಗೆ ಜೈಲುಶಿಕ್ಷೆ ಇದೆ. ಆದರೆ ತಾನಾಗಿ ಚಿಕಿತ್ಸೆಗೆ ಬರುವ ವ್ಯಸನಿಗೆ ರಕ್ಷಣೆ ಕೊಡುವ 64ಎ ಕಲಮೂ ಇದೆ. ಅವತ್ತು ಗೆಳೆಯನ ಮನೆಯವರಿಗೆ ನಾನು ಅದನ್ನೇ ಹೇಳಿದೆ. ಮರುದಿನ ಅವನನ್ನು ಡಾಕ್ಟರ ಹತ್ತಿರ ಕರೆದೊಯ್ದೆವು. ಬುಪ್ರೆನಾರ್ಫಿನ್ ಮಾತ್ರೆ ಶುರುವಾಯಿತು. ಅವನು ನಡುವೆ ಒಮ್ಮೆ ಜಾರಿದ. ಆದರೆ ಬಾಗಿಲಲ್ಲಿ ಪೊಲೀಸರಿರಲಿಲ್ಲ, ಹಾಗಾಗಿ ವಾಪಸ್ ಬಂದ.