ಒಂದು ಹನಿ ರಕ್ತ ಮತ್ತು ರೊನಾಲ್ಡ್ ರಾಸ್

ಜ್ವರ ಬಂದು ಆಸ್ಪತ್ರೆಗೆ ಹೋದಾಗ ಬೆರಳ ತುದಿಯನ್ನು ಚುಚ್ಚಿ, ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಸವರುವುದನ್ನು ನೀವು ನೋಡಿರಬಹುದು. ಆ ಹನಿಯಲ್ಲಿ ಹುಡುಕುವುದಾದರೂ ಏನನ್ನು? ಇದನ್ನು ತಿಳಿಯಲು ನಮ್ಮ ಬೆಂಗಳೂರಿನಲ್ಲೂ ಸೇವೆ ಸಲ್ಲಿಸಿದ್ದ ವೈದ್ಯ ಸರ್ ರೊನಾಲ್ಡ್ ರಾಸ್ ಅವರ ಜೀವನದತ್ತ ಒಮ್ಮೆ ನೋಡೋಣ.

ರಾಸ್ ಹುಟ್ಟಿದ್ದು 1857ರ ಮೇ 13ರಂದು, ಹಿಮಾಲಯದ ಅಲ್ಮೋರಾದಲ್ಲಿ. ತಂದೆ ಬ್ರಿಟಿಷ್ ಸೇನೆಯ ಅಧಿಕಾರಿ. ಮಗನಿಗೆ ಸಾಹಿತ್ಯದಲ್ಲಿ ಆಸಕ್ತಿ. ತಂದೆಗೆ ಮಗ ವೈದ್ಯನಾಗಬೇಕೆಂಬ ಆಸೆ. ಲಂಡನ್ನಿನಲ್ಲಿ ವೈದ್ಯಕೀಯ ಓದಿದ ರಾಸ್, 1881ರಲ್ಲಿ ಭಾರತೀಯ ವೈದ್ಯಕೀಯ ಸೇವೆಗೆ ಸೇರಿದರು. 1883ರಲ್ಲಿ ಬೆಂಗಳೂರಿಗೆ ಬಂದಾಗ, ತಮ್ಮ ಬಂಗಲೆಯ ಬಳಿಯಿದ್ದ ನೀರಿನ ತೊಟ್ಟಿಯಲ್ಲಿ ಸೊಳ್ಳೆಗಳು ಹುಟ್ಟುವುದನ್ನು ಗಮನಿಸಿದರು. ತೊಟ್ಟಿಯ ನೀರು ಚೆಲ್ಲಿಸಿದಾಗ ಸೊಳ್ಳೆಗಳ ಕಾಟ ಕಡಿಮೆಯಾಯಿತು.

ಮುಂದೆ ಓದುವ ಮೊದಲು ರಕ್ತದ ಬಗ್ಗೆ ಸ್ವಲ್ಪ ತಿಳಿದುಕೊಳ್ಳಿ. ವಯಸ್ಕರ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ಅದರಲ್ಲಿ ಸುಮಾರು ಶೇಕಡಾ 55 ಭಾಗ ಪ್ಲಾಸ್ಮಾ ಎಂಬ ತಿಳಿಹಳದಿ ದ್ರವ. ಇದರ ಹೆಚ್ಚಿನ ಅಂಶ ನೀರೇ. ಆಹಾರದ ಸಾರವನ್ನು ಅಂಗಾಂಗಗಳಿಗೆ ತಲುಪಿಸುವುದು, ಕಲ್ಮಶಗಳನ್ನು ಸಾಗಿಸುವುದು ಇದರ ಕೆಲಸ. ಉಳಿದದ್ದು ರಕ್ತಕಣಗಳು. ಬಿಳಿ ಕಣಗಳು ರೋಗಾಣುಗಳ ವಿರುದ್ಧ ಹೋರಾಡುತ್ತವೆ. ಪ್ಲೇಟ್‌ಲೆಟ್‌ಗಳು ಗಾಯವಾದಲ್ಲಿ ರಕ್ತ ಹೆಪ್ಪುಗಟ್ಟಲು ನೆರವಾಗುತ್ತವೆ. ಕೆಂಪು ಕಣಗಳಲ್ಲಿ ಕಬ್ಬಿಣದ ಅಂಶವುಳ್ಳ ಹಿಮೋಗ್ಲೋಬಿನ್ ಇದೆ. ಶ್ವಾಸಕೋಶದಿಂದ ದೇಹದ ಮೂಲೆಮೂಲೆಗೂ ಆಮ್ಲಜನಕವನ್ನು ಹೊತ್ತೊಯ್ಯುವುದು ಇದೇ. ಒಂದು ಕೆಂಪು ಕಣದ ಆಯುಸ್ಸು ಸುಮಾರು 120 ದಿನ.

ಮಲೇರಿಯಾ ದಾಳಿ ಮಾಡುವುದು ಈ ಕೆಂಪು ಕಣಗಳ ಮೇಲೆಯೇ. ರೋಗದ ಪರಾವಲಂಬಿ ಜೀವಿ ಕಣದೊಳಗೆ ಸೇರಿ ಹಿಮೋಗ್ಲೋಬಿನ್ ತಿನ್ನುತ್ತದೆ. ತಿಂದುಳಿದದ್ದು ಕಪ್ಪು ಚುಕ್ಕೆಗಳಾಗಿ ಉಳಿಯುತ್ತದೆ. ಕಣಗಳು ಒಡೆದಾಗ ನಡುಕ, ಜ್ವರ ಬರುತ್ತದೆ, ರಕ್ತಹೀನತೆ ಕಾಡುತ್ತದೆ. ಈ ಜೀವಿಯನ್ನು 1880ರಲ್ಲಿ ಅಲ್ಜೀರಿಯಾದಲ್ಲಿ ಕಂಡವರು ಫ್ರೆಂಚ್ ವೈದ್ಯ ಲಾವೆರಾನ್. ಆದರೆ ಅದು ಒಬ್ಬರಿಂದ ಇನ್ನೊಬ್ಬರಿಗೆ ಹರಡುವುದು ಹೇಗೆ? ಸೊಳ್ಳೆಯ ಪಾತ್ರ ಇರಬಹುದೆಂದು ಪ್ಯಾಟ್ರಿಕ್ ಮ್ಯಾನ್ಸನ್ ಊಹಿಸಿದ್ದರು. ಸಾಬೀತು ಮಾಡಲು ಹೊರಟವರು ರಾಸ್.

1895ರಲ್ಲಿ ಸಿಕಂದರಾಬಾದಿನಲ್ಲಿ ಕೆಲಸ ಆರಂಭವಾಯಿತು. ಅದೇ ವರ್ಷ ಕಾಲರಾ ನಿಯಂತ್ರಣಕ್ಕಾಗಿ ಅವರನ್ನು ಬೆಂಗಳೂರಿಗೆ ಕಳುಹಿಸಲಾಯಿತು. ಬಿಡುವಿನಲ್ಲಿ ಸೊಳ್ಳೆಗಳನ್ನು ಕೊಯ್ದು ನೋಡುತ್ತಲೇ ಇದ್ದರು. ಸೋಲಿನ ಮೇಲೆ ಸೋಲು. ಅವರು ಪರೀಕ್ಷಿಸುತ್ತಿದ್ದ ಸೊಳ್ಳೆಯ ಜಾತಿಯೇ ಬೇರೆಯಾಗಿತ್ತು! 1897ರಲ್ಲಿ ಊಟಿಯ ಬಳಿಯ ಸಿಗೂರು ಘಾಟಿಗೆ ಹೋದಾಗ ಸ್ವತಃ ಅವರಿಗೇ ಮಲೇರಿಯಾ ತಗುಲಿತು. ಆದರೂ ಕೈಬಿಡಲಿಲ್ಲ.

ಮತ್ತೆ ಸಿಕಂದರಾಬಾದಿಗೆ ಬಂದ ರಾಸ್ ಅವರಿಗೆ ರೆಕ್ಕೆಯ ಮೇಲೆ ಚುಕ್ಕೆಗಳಿರುವ ಸೊಳ್ಳೆಗಳು ಸಿಕ್ಕವು. ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿ, ಆ ಸೊಳ್ಳೆಗಳು ತನ್ನನ್ನು ಕಚ್ಚಲು ಒಪ್ಪಿದ. ಕಚ್ಚಿದ ಪ್ರತಿ ಸೊಳ್ಳೆಗೆ ಅವನಿಗೆ ಸಿಕ್ಕಿದ್ದು ಒಂದಾಣೆ. 1897ರ ಆಗಸ್ಟ್ 20ರಂದು ಅಂಥ ಒಂದು ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ರಾಸ್ ವಿಚಿತ್ರ ಕೋಶಗಳನ್ನು ಕಂಡರು. ಅವುಗಳೊಳಗೆ ರೋಗಿಗಳ ರಕ್ತದಲ್ಲಿ ಕಾಣುವಂಥದೇ ಕಪ್ಪು ಚುಕ್ಕೆಗಳು! ಮನುಷ್ಯನ ರಕ್ತದ ಗುರುತೇ ಸೊಳ್ಳೆಯ ಗುಟ್ಟನ್ನು ಹೊರಗೆಡವಿತ್ತು.

ಮರುವರ್ಷ ಕಲ್ಕತ್ತಾದಲ್ಲಿ, ಸಹಾಯಕ ಮಹಮ್ಮದ್ ಬಕ್ಷ್ ಅವರ ನೆರವಿನೊಂದಿಗೆ ಹಕ್ಕಿಗಳ ಮಲೇರಿಯಾವನ್ನು ಅಭ್ಯಸಿಸಿ, ರೋಗಾಣು ಸೊಳ್ಳೆಯ ಜೊಲ್ಲುಗ್ರಂಥಿಗೆ ಸೇರಿ ಕಡಿತದಿಂದ ಹರಡುವುದನ್ನು ತೋರಿಸಿದರು. ಅದೇ ವರ್ಷ ಮನುಷ್ಯರ ಮಲೇರಿಯಾವನ್ನು ಹರಡುವುದು ಅನಾಫಿಲಿಸ್ ಸೊಳ್ಳೆ ಎಂದು ಇಟಲಿಯ ವಿಜ್ಞಾನಿಗಳು ಖಚಿತಪಡಿಸಿದರು. 1902ರಲ್ಲಿ ರಾಸ್ ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು. 1932ರ ಸೆಪ್ಟೆಂಬರ್ 16ರಂದು ಲಂಡನ್ನಿನಲ್ಲಿ ಅವರು ನಿಧನರಾದರು.

ಪ್ರಶಸ್ತಿ ಒಬ್ಬರ ಹೆಸರಿಗೆ ಬಂತು. ಆದರೆ ಒಂದಾಣೆಗೆ ತನ್ನ ರಕ್ತ ಕೊಟ್ಟ ಹುಸೇನ್ ಖಾನ್, ಜೊತೆಗೆ ದುಡಿದ ಮಹಮ್ಮದ್ ಬಕ್ಷ್ ಅವರನ್ನೂ ನೀವು ಮರೆಯಬಾರದು. ದೊಡ್ಡ ಸಂಶೋಧನೆಯ ಹಿಂದೆ ಸಣ್ಣವರೆನಿಸಿಕೊಂಡವರ ಪಾಲೂ ಇರುತ್ತದೆ.

ಹಿಂದೆ ನಮ್ಮ ಕೊಡಗಿನ ಕಾಫಿ ತೋಟಗಳಲ್ಲೂ ಚಳಿಜ್ವರ ಜನರನ್ನು ಬಹಳ ಕಾಡಿತ್ತು. ಆದ್ದರಿಂದ ಮಳೆಗಾಲದಲ್ಲಿ ಮನೆಯ ಸುತ್ತ ನೀರು ನಿಲ್ಲಲು ಬಿಡಬೇಡಿ. ಚಳಿಜ್ವರ ಬಂದರೆ ಮಾತ್ರೆ ನುಂಗಿ ಸುಮ್ಮನಾಗದೆ ರಕ್ತ ಪರೀಕ್ಷೆ ಮಾಡಿಸಿ. ಪರೀಕ್ಷೆಯಲ್ಲಿ ಒಮ್ಮೆ ಸೋತರೆ ಓದನ್ನೇ ಬಿಡುವ ಗೆಳೆಯರಿದ್ದರೆ, ಎರಡು ವರ್ಷ ತಪ್ಪು ಸೊಳ್ಳೆಗಳನ್ನು ಕೊಯ್ದರೂ ಸೂಕ್ಷ್ಮದರ್ಶಕ ಬಿಡದ ರಾಸ್ ಅವರ ಕಥೆಯನ್ನು ಅವರಿಗೆ ಹೇಳಿ.