ಹೆನ್ರಿಯೆಟ್ಟಾ ಲ್ಯಾಕ್ಸ್

ಹೆನ್ರಿಯೆಟ್ಟಾ ಲ್ಯಾಕ್ಸ್ (ಆಗಸ್ಟ್ 1, 1920 – ಅಕ್ಟೋಬರ್ 4, 1951) ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ ಜನಿಸಿದ ಆಫ್ರಿಕನ್ ಅಮೆರಿಕನ್ ಮಹಿಳೆ. ಗರ್ಭಕಂಠದ ಕ್ಯಾನ್ಸರಿನಿಂದ 31ನೆಯ ವಯಸ್ಸಿನಲ್ಲಿ ನಿಧನರಾದ ಇವರ ಗೆಡ್ಡೆಯಿಂದ ಪಡೆದ ಜೀವಕೋಶಗಳು 'ಹೀಲಾ' ಎಂಬ ಹೆಸರಿನಿಂದ ಜಗತ್ಪ್ರಸಿದ್ಧವಾಗಿವೆ. ಪ್ರಯೋಗಾಲಯದಲ್ಲಿ ನಿರಂತರವಾಗಿ ಬೆಳೆಯುತ್ತ ಉಳಿದ ಮೊದಲ ಮಾನವ ಜೀವಕೋಶಗಳು ಇವೇ. ವೈರಾಣುವಿನ ಪ್ರೋಟೀನುಗಳು ಮಾನವ ಜೀವಕೋಶದೊಳಗೆ ಡಿಎನ್‌ಎ ನಕಲಾಗುವ ಕ್ರಮವನ್ನು ಹೇಗೆ ಕೆಡಿಸುತ್ತವೆ ಎಂಬುದನ್ನು ಅರಿಯುವಲ್ಲಿಯೂ ಇವುಗಳ ಪಾತ್ರ ದೊಡ್ಡದು.

ಜನನ ಮತ್ತು ಬಾಲ್ಯ

ಹೆನ್ರಿಯೆಟ್ಟಾ ವರ್ಜೀನಿಯಾದ ರೋನೋಕ್ ಪಟ್ಟಣದಲ್ಲಿ ಜನಿಸಿದರು. ಹುಟ್ಟಿದಾಗ ಇಟ್ಟ ಹೆಸರು ಲೊರೆಟ್ಟಾ ಪ್ಲೆಸೆಂಟ್. 1924ರಲ್ಲಿ ತಾಯಿ ಎಲೈಜಾ ಹತ್ತನೆಯ ಹೆರಿಗೆಯಲ್ಲಿ ತೀರಿಕೊಂಡರು. ಮಕ್ಕಳನ್ನೆಲ್ಲ ಒಬ್ಬರೇ ಸಾಕಲಾರದ ತಂದೆ ಅವರನ್ನು ಕ್ಲೋವರ್ ಎಂಬ ಊರಿಗೆ ಕರೆತಂದು ಬಂಧುಗಳಿಗೆ ಹಂಚಿಕೊಟ್ಟರು. ಹೆನ್ರಿಯೆಟ್ಟಾ ತಾಯಿಯ ತಂದೆಯಾದ ಟಾಮಿ ಲ್ಯಾಕ್ಸ್ ಅವರ ಆಶ್ರಯದಲ್ಲಿ ಬೆಳೆದರು. ಅವರ ಮರದ ದಿಮ್ಮಿಗಳ ಮನೆ ಹಿಂದೊಮ್ಮೆ ಗುಲಾಮರ ವಸತಿಯಾಗಿತ್ತು. ಎಳೆಯ ವಯಸ್ಸಿನಿಂದಲೇ ತಂಬಾಕಿನ ಹೊಲದಲ್ಲಿ ದುಡಿದ ಹೆನ್ರಿಯೆಟ್ಟಾರ ವಿದ್ಯಾಭ್ಯಾಸ ಆರನೆಯ ತರಗತಿಗೆ ನಿಂತಿತು.

ಅದೇ ಮನೆಯಲ್ಲಿ ಬೆಳೆದ ಬಂಧು ಡೇವಿಡ್ ಲ್ಯಾಕ್ಸ್ ಅವರನ್ನು 1941ರ ಏಪ್ರಿಲ್ 10ರಂದು ವಿವಾಹವಾದರು. ಬಳಿಕ ಕುಟುಂಬವು ಮೇರಿಲ್ಯಾಂಡಿನ ಟರ್ನರ್ ಸ್ಟೇಷನ್‌ಗೆ ವಲಸೆ ಹೋಯಿತು. ಡೇವಿಡ್ ಸಮೀಪದ ಸ್ಪಾರೋಸ್ ಪಾಯಿಂಟ್‌ನ ಉಕ್ಕಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. ದಂಪತಿಗಳಿಗೆ ಐವರು ಮಕ್ಕಳು.

ಅನಾರೋಗ್ಯ ಮತ್ತು ನಿಧನ

ಐದನೆಯ ಹೆರಿಗೆಯಾದ ಕೆಲವು ತಿಂಗಳುಗಳ ನಂತರ, 1951ರ ಜನವರಿ 29ರಂದು, ಹೆನ್ರಿಯೆಟ್ಟಾ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಹೋದರು. ಬಡ ಕಪ್ಪು ಜನರಿಗೆ ಚಿಕಿತ್ಸೆ ನೀಡುತ್ತಿದ್ದ ಆ ಪ್ರದೇಶದ ಕೆಲವೇ ಆಸ್ಪತ್ರೆಗಳಲ್ಲಿ ಅದೂ ಒಂದು. ಅಲ್ಲಿಯೂ ಅವರ ವಾರ್ಡುಗಳು ಪ್ರತ್ಯೇಕವಾಗಿದ್ದವು. ವೈದ್ಯ ಹೋವರ್ಡ್ ಜೋನ್ಸ್ ಗರ್ಭಕಂಠದಲ್ಲಿ ಗೆಡ್ಡೆಯನ್ನು ಗುರುತಿಸಿದರು. ರೇಡಿಯಂ ಚಿಕಿತ್ಸೆ ಆರಂಭಿಸುವ ಸಮಯದಲ್ಲಿ ಗೆಡ್ಡೆಯಿಂದಲೂ ಆರೋಗ್ಯವಂತ ಭಾಗದಿಂದಲೂ ಒಂದೊಂದು ಚೂರನ್ನು ತೆಗೆಯಲಾಯಿತು. ಇದನ್ನು ಅವರಿಗೆ ತಿಳಿಸಲಿಲ್ಲ, ಒಪ್ಪಿಗೆಯನ್ನೂ ಕೇಳಲಿಲ್ಲ. ಹಾಗೆ ಕೇಳಬೇಕೆಂಬ ಪದ್ಧತಿ ಆಗ ರೂಢಿಯಲ್ಲಿರಲಿಲ್ಲ. ಆಗಸ್ಟ್‌ನಲ್ಲಿ ಮತ್ತೆ ಆಸ್ಪತ್ರೆ ಸೇರಿದ ಹೆನ್ರಿಯೆಟ್ಟಾ ಅಕ್ಟೋಬರ್ 4ರಂದು ನಿಧನರಾದರು. ಕ್ಲೋವರ್ ಬಳಿಯ ಕುಟುಂಬದ ಸ್ಮಶಾನದಲ್ಲಿ, ಹೆಸರಿನ ಕಲ್ಲೂ ಇಲ್ಲದ ಸಮಾಧಿಯಲ್ಲಿ ಅವರನ್ನು ಮಣ್ಣು ಮಾಡಲಾಯಿತು.

ಹೀಲಾ ಜೀವಕೋಶಗಳು

ಗೆಡ್ಡೆಯ ಚೂರು ಅದೇ ಸಂಸ್ಥೆಯ ಜಾರ್ಜ್ ಗೈ ಅವರ ಪ್ರಯೋಗಾಲಯವನ್ನು ಸೇರಿತು. ಅಲ್ಲಿಯವರೆಗೆ ಅವರು ಬೆಳೆಸಲು ಯತ್ನಿಸಿದ್ದ ಮಾನವ ಜೀವಕೋಶಗಳು ಹೆಚ್ಚು ಕಾಲ ಉಳಿದಿರಲಿಲ್ಲ. ಇವು ಮಾತ್ರ ಸುಮಾರು 24 ಗಂಟೆಗಳಿಗೊಮ್ಮೆ ಇಮ್ಮಡಿಯಾಗುತ್ತ ಹೋದವು. ರೋಗಿಯ ಹೆಸರು ಮತ್ತು ಕುಲನಾಮಗಳ ಮೊದಲ ಎರಡೆರಡು ಅಕ್ಷರಗಳಿಂದ ಹೀಲಾ ಎಂಬ ಹೆಸರು ಬಂದಿತು. ಗೈ ಅವನ್ನು ಕೇಳಿದ ವಿಜ್ಞಾನಿಗಳಿಗೆಲ್ಲ ಉಚಿತವಾಗಿ ಕಳುಹಿಸಿದರು. ಪೋಲಿಯೊ ಲಸಿಕೆಯ ಪರೀಕ್ಷೆಗಾಗಿ ಅಲಬಾಮಾದ ಟಸ್ಕೀಗೀ ಸಂಸ್ಥೆಯಲ್ಲಿ ಈ ಜೀವಕೋಶಗಳನ್ನು ಬೃಹತ್ ಪ್ರಮಾಣದಲ್ಲಿ ಬೆಳೆಸಲಾಯಿತು.

ವೈರಾಣುವಿನ ಪ್ರೋಟೀನುಗಳ ಪಾತ್ರ

ಈ ಜೀವಕೋಶಗಳು ಸಾಯದೆ ಬೆಳೆಯುವುದರ ಕಾರಣ ಮೂರು ದಶಕಗಳ ನಂತರ ತಿಳಿಯತೊಡಗಿತು. ಜರ್ಮನಿಯ ಹೆರಾಲ್ಡ್ ಜುರ್ ಹೌಸೆನ್ ಮತ್ತು ಸಂಗಡಿಗರು 1984ರಲ್ಲಿ ಮಾನವ ಪ್ಯಾಪಿಲೋಮಾ ವೈರಾಣುವಿನ 18ನೆಯ ಬಗೆಯನ್ನು ವರದಿ ಮಾಡಿದರು. ಅದರ ಡಿಎನ್‌ಎ ಹೀಲಾ ಜೀವಕೋಶಗಳಲ್ಲಿಯೂ ಇತ್ತು.

ಈ ವೈರಾಣುವಿಗೆ ತನ್ನ ಡಿಎನ್‌ಎಯನ್ನು ನಕಲು ಮಾಡಿಕೊಳ್ಳಲು ಬೇಕಾದ ಪೂರ್ಣ ಸಾಮಗ್ರಿಯಿಲ್ಲ. ಅದು ಜೀವಕೋಶದ ಸಾಮಗ್ರಿಯನ್ನೇ ಬಳಸಬೇಕು. ಆದರೆ ವಿಭಜನೆ ನಿಲ್ಲಿಸಿದ ಜೀವಕೋಶದಲ್ಲಿ ಆ ಸಾಮಗ್ರಿ ಸಿದ್ಧವಿರುವುದಿಲ್ಲ. ನಕಲಿಗೆ ಬೇಕಾದ ಜೀನುಗಳನ್ನು ಚಾಲನೆಗೊಳಿಸುವ ಇ2ಎಫ್ ಎಂಬ ಪ್ರೋಟೀನುಗಳನ್ನು ಆರ್‌ಬಿ ಎಂಬ ಪ್ರೋಟೀನು ಹಿಡಿದಿಟ್ಟಿರುತ್ತದೆ. ವೈರಾಣುವಿನ ಇ7 ಪ್ರೋಟೀನು ಆರ್‌ಬಿಗೆ ಅಂಟಿಕೊಂಡು ಆ ಹಿಡಿತವನ್ನು ಸಡಿಲಿಸುತ್ತದೆ. ಆಗ ಜೀವಕೋಶವು ಅಪ್ಪಣೆಯಿಲ್ಲದೆಯೇ ಡಿಎನ್‌ಎ ನಕಲಿಗೆ ತೊಡಗುತ್ತದೆ. ಇಂತಹ ಅಕ್ರಮ ಕಂಡಾಗ ವಿಭಜನೆಯನ್ನು ತಡೆಯುವ ಅಥವಾ ಜೀವಕೋಶವನ್ನೇ ಕೊನೆಗಾಣಿಸುವ ಕಾವಲುಗಾರ ಪಿ53 ಪ್ರೋಟೀನು. ವೈರಾಣುವಿನ ಇ6 ಪ್ರೋಟೀನು ಜೀವಕೋಶದ್ದೇ ಒಂದು ಕಿಣ್ವವನ್ನು ಜೊತೆಗಿಟ್ಟುಕೊಂಡು ಪಿ53ನ್ನು ನಾಶಕ್ಕೆ ಗುರಿಮಾಡುತ್ತದೆ. ಕಾವಲಿಲ್ಲದೆ ಸಾಗುವ ನಕಲಿನಲ್ಲಿ ದೋಷಗಳು ಸೇರುತ್ತ ಹೋಗುತ್ತವೆ. ಮನುಷ್ಯನ ಸಾಮಾನ್ಯ ಜೀವಕೋಶದಲ್ಲಿ 46 ವರ್ಣತಂತುಗಳಿದ್ದರೆ ಹೀಲಾದಲ್ಲಿ ಅವು ಸುಮಾರು 70ರಿಂದ 80ರಷ್ಟಿರುತ್ತವೆ.

ಈ ಸೋಂಕು ತಗುಲಿದವರಲ್ಲಿ ಬಹುಪಾಲು ಜನರಲ್ಲಿ ಅದು ತಾನಾಗಿಯೇ ಅಳಿದುಹೋಗುತ್ತದೆ. ಹೆನ್ರಿಯೆಟ್ಟಾ ಅವರಲ್ಲಿ ವೈರಾಣುವಿನ ಡಿಎನ್‌ಎ ತುಂಡಾಗಿ 8ನೆಯ ವರ್ಣತಂತುವಿನಲ್ಲಿ, ಬೆಳವಣಿಗೆಯನ್ನು ಪ್ರಚೋದಿಸುವ ಮಿಕ್ ಜೀನಿನ ಸಮೀಪದಲ್ಲಿ ಸೇರಿಕೊಂಡಿತ್ತು. ಇ6 ಮತ್ತು ಇ7ಗಳನ್ನು ಅಂಕೆಯಲ್ಲಿಡುವ ವೈರಾಣುವಿನದೇ ಇ2 ಎಂಬ ಜೀನು ಈ ಸೇರ್ಪಡೆಯಲ್ಲಿ ಮುರಿದುಹೋಗಿತ್ತು. ಮುಂದೆ ವಿಜ್ಞಾನಿಗಳು ಇ2ವನ್ನು ಹೀಲಾ ಜೀವಕೋಶಗಳಿಗೆ ಮರಳಿ ಸೇರಿಸಿದಾಗ ಅವುಗಳ ಬೆಳವಣಿಗೆ ನಿಂತಿತು. ದಶಕಗಳ ಕಾಲ ಬೆಳೆದ ಬಳಿಕವೂ ಅವು ಆ ಎರಡು ಪ್ರೋಟೀನುಗಳನ್ನೇ ಅವಲಂಬಿಸಿದ್ದವೆಂಬುದು ಇದರಿಂದ ಖಚಿತವಾಯಿತು.

ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಪ್ಯಾಪಿಲೋಮಾ ವೈರಾಣುವಿನ ವಿರುದ್ಧ ಲಸಿಕೆ 2006ರಿಂದ ಬಳಕೆಯಲ್ಲಿದೆ.

ಕುಟುಂಬ ಮತ್ತು ಒಪ್ಪಿಗೆಯ ಪ್ರಶ್ನೆ

ಬಹುಕಾಲ ಈ ಜೀವಕೋಶಗಳು ಹೆಲೆನ್ ಲೇನ್ ಎಂಬ ಕಲ್ಪಿತ ಹೆಸರಿನವರಿಗೆ ಸೇರಿದವೆಂದೇ ಪ್ರಚಾರದಲ್ಲಿತ್ತು. ಹೀಲಾ ಜೀವಕೋಶಗಳು ಇತರ ಜೀವಕೋಶಗಳೊಡನೆ ಬೆರೆತು ಸಂಶೋಧನೆಗೆ ತೊಡಕಾದಾಗ, ಅವನ್ನು ಗುರುತಿಸಲು 1970ರ ದಶಕದಲ್ಲಿ ಕುಟುಂಬದವರ ರಕ್ತವನ್ನು ಪಡೆಯಲಾಯಿತು. ತಾಯಿಯ ಜೀವಕೋಶಗಳು ಇನ್ನೂ ಜೀವಂತವಾಗಿವೆಯೆಂದು ಮಕ್ಕಳಿಗೆ ತಿಳಿದದ್ದು ಆ ಕಾಲದಲ್ಲಿ. ಈ ಜೀವಕೋಶಗಳ ಮಾರಾಟದಿಂದ ಕಂಪನಿಗಳು ಲಾಭ ಗಳಿಸಿದರೂ ಕುಟುಂಬಕ್ಕೆ ಅದರಲ್ಲಿ ಪಾಲು ದೊರೆಯಲಿಲ್ಲ.

2013ರಲ್ಲಿ ಹೀಲಾದ ಪೂರ್ಣ ಜೀನೋಮ್ ಮಾಹಿತಿಯನ್ನು ಕುಟುಂಬವನ್ನು ಕೇಳದೆಯೇ ಪ್ರಕಟಿಸಿದಾಗ ಆಕ್ಷೇಪ ಎದ್ದಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಕುಟುಂಬದೊಡನೆ ಒಪ್ಪಂದ ಮಾಡಿಕೊಂಡವು. ಅದರಂತೆ ಈ ಮಾಹಿತಿಯ ಬಳಕೆಯನ್ನು ಪರಿಶೀಲಿಸುವ ಸಮಿತಿಯಲ್ಲಿ ಕುಟುಂಬದವರಿಗೂ ಸ್ಥಾನ ದೊರೆಯಿತು. ಥರ್ಮೋ ಫಿಷರ್ ಕಂಪನಿಯ ವಿರುದ್ಧ 2021ರಲ್ಲಿ ಹೂಡಿದ ದಾವೆಯು 2023ರಲ್ಲಿ ರಾಜಿಯಲ್ಲಿ ಮುಗಿಯಿತು. ರಾಜಿಯ ಷರತ್ತುಗಳನ್ನು ಬಹಿರಂಗಪಡಿಸಲಾಗಿಲ್ಲ.

ಗೌರವಗಳು

2010ರಲ್ಲಿ, ನಿಧನರಾದ 59 ವರ್ಷಗಳ ಬಳಿಕ, ಹೆನ್ರಿಯೆಟ್ಟಾರ ಹೆಸರಿನ ಕಲ್ಲನ್ನು ಸ್ಮಶಾನದಲ್ಲಿ ನಿಲ್ಲಿಸಲಾಯಿತು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಮರಣೋತ್ತರವಾಗಿ ಗೌರವ ಸಲ್ಲಿಸಿತು. 2023ರಲ್ಲಿ ಹುಟ್ಟೂರಾದ ರೋನೋಕ್‌ನಲ್ಲಿ ಅವರ ಪ್ರತಿಮೆಯನ್ನು ಅನಾವರಣಗೊಳಿಸಲಾಯಿತು.